ಮಗುವಿನ ಕಣ್ಣಿನಿಂದ ಹೊರಟ ಜೀನು: ಆರ್‌ಬಿ1

ಬ್ರೆಜಿಲ್‌ನ ನೇತ್ರವೈದ್ಯ ಹಿಲಾರಿಯೊ ಡಿ ಗೌವಿಯಾ 1872ರಲ್ಲಿ ಒಬ್ಬ ಹುಡುಗನ ಗಡ್ಡೆಗಟ್ಟಿದ ಕಣ್ಣನ್ನು ತೆಗೆದು ಜೀವ ಉಳಿಸಿದರು. ಹುಡುಗ ದೊಡ್ಡವನಾಗಿ ಸಂಸಾರ ಹೂಡಿದ. ಅವನ ಇಬ್ಬರು ಹೆಣ್ಣುಮಕ್ಕಳಿಗೂ ಅದೇ ರೋಗ ಬಂತು, ಅದೂ ಎರಡೂ ಕಣ್ಣಿಗೆ. ರೆಟಿನೊಬ್ಲಾಸ್ಟೊಮಾ ಎಂಬ ಈ ಕಣ್ಣಿನ ಕ್ಯಾನ್ಸರು ವಂಶದಲ್ಲಿ ಇಳಿದು ಬರಬಲ್ಲದು ಎಂಬುದು ಗೊತ್ತಾಗಲು ಮೊದಲು ರೋಗಿ ಬದುಕಿ ಉಳಿಯಬೇಕಿತ್ತು.

ಇದರ ಕಾರಣ ತಿಳಿಯಲು ಆಮೇಲೆ ಬಹುಕಾಲ ಹಿಡಿಯಿತು. 1971ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಆಲ್ಫ್ರೆಡ್ ನಡ್ಸನ್ 48 ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ಹರವಿಕೊಂಡು ಕೂತರು. ಎರಡೂ ಕಣ್ಣಿಗೆ ಗಡ್ಡೆಯಾದ ಮಕ್ಕಳಲ್ಲಿ ರೋಗ ಬೇಗ ಕಾಣಿಸಿಕೊಳ್ಳುತ್ತದೆ, ಒಂದೇ ಕಣ್ಣಿಗಾದವರಲ್ಲಿ ತಡವಾಗಿ. ವಯಸ್ಸಿನ ಲೆಕ್ಕವನ್ನು ನಕ್ಷೆಗೆ ಇಳಿಸಿದಾಗ ಮೊದಲ ಗುಂಪಿಗೆ ಒಂದೇ ಏಟು (ಜೀನಿನಲ್ಲಿ ಆಗುವ ದೋಷ) ಸಾಕೆಂದೂ ಎರಡನೆಯದಕ್ಕೆ ಎರಡು ಬೇಕೆಂದೂ ಕಂಡಿತು. ಅಂದರೆ ಆನುವಂಶಿಕವಾಗಿ ರೋಗ ಬರುವ ಮಗು ಮೊದಲ ಏಟನ್ನು ಹುಟ್ಟುವಾಗಲೇ ಮೈಯ ಪ್ರತಿ ಕೋಶದಲ್ಲೂ ಹೊತ್ತು ತಂದಿರುತ್ತದೆ. ಡಿಎನ್‌ಎಯನ್ನು ಮುಟ್ಟದೆ, ಬರೀ ಅಂಕಿಗಳಿಂದ ತೆಗೆದ ತೀರ್ಮಾನ ಇದು. ಕ್ಯಾನ್ಸರ್ ಸಂಶೋಧನೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೂರ ಸಾಗಿದ ಇನ್ನೊಂದು ಲೇಖನ ನನಗಂತೂ ನೆನಪಾಗುತ್ತಿಲ್ಲ.

ಎರಡೂ ಏಟು ಬೀಳುವುದು ಒಂದೇ ಜೀನಿನ ಎರಡು ಪ್ರತಿಗಳ ಮೇಲೆ ಎಂಬುದನ್ನು 1983ರಲ್ಲಿ ವೆಬ್‌ಸ್ಟರ್ ಕೆವನೀ ಮತ್ತು ಸಂಗಡಿಗರು ಗಡ್ಡೆಯ ಡಿಎನ್‌ಎಯಲ್ಲೇ ತೋರಿಸಿದರು. ಕೆಲವು ಮಕ್ಕಳಲ್ಲಿ 13ನೇ ವರ್ಣತಂತುವಿನ ಒಂದು ತುಂಡೇ ಕಾಣೆಯಾಗಿದ್ದರಿಂದ ಹುಡುಕಬೇಕಾದ ಜಾಗ ಮೊದಲೇ ಗೊತ್ತಿತ್ತು. 1986ರಲ್ಲಿ ಸ್ಟೀಫನ್ ಫ್ರೆಂಡ್, ಥ್ಯಾಡಿಯಸ್ ಡ್ರೈಜಾ, ರಾಬರ್ಟ್ ವೈನ್‌ಬರ್ಗ್ ಅವರ ತಂಡ ಆರ್‌ಬಿ1 ಜೀನನ್ನು ಹಿಡಿಯಿತು. ಗಡ್ಡೆಯನ್ನು ತಡೆಯುವ ಜೀನೊಂದು ಹೀಗೆ ಕೈಗೆ ಸಿಕ್ಕಿದ್ದು ಅದೇ ಮೊದಲು.

ಜೀನೇನೋ ಸಿಕ್ಕಿತು, ಅದರ 928 ಅಮೈನೊ ಆಮ್ಲಗಳ ಆರ್‌ಬಿ ಎಂಬ ಪ್ರೋಟೀನು ಮಾಡುವುದೇನು? ಉತ್ತರ ಬಂದದ್ದು ವೈರಸ್ಸುಗಳ ಕಡೆಯಿಂದ. ಅಡಿನೊವೈರಸ್ಸಿನ ಒಂದು ಪ್ರೋಟೀನು ಆರ್‌ಬಿಯನ್ನು ಹಿಡಿದುಕೊಳ್ಳುತ್ತದೆಂದು 1988ರಲ್ಲಿ ತಿಳಿಯಿತು. ಮರುವರ್ಷ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸಿನ ಇ7 ಪ್ರೋಟೀನೂ ಅದನ್ನೇ ಮಾಡುತ್ತದೆಂದು ಗೊತ್ತಾಯಿತು. ವೈರಸ್ಸು ಕೋಶವನ್ನು ವಿಭಜನೆಗೆ ತಳ್ಳಬೇಕೆಂದರೆ ಮೊದಲು ಸುಮ್ಮನಾಗಿಸಬೇಕಾದದ್ದು ಆರ್‌ಬಿಯನ್ನು. ಅದು ಇ2ಎಫ್ ಎಂಬ ಪ್ರೋಟೀನುಗಳನ್ನು ಹಿಡಿದಿಟ್ಟು, ಡಿಎನ್‌ಎ ನಕಲಿಗೆ ಬೇಕಾದ ಜೀನುಗಳು ಚುರುಕಾಗದಂತೆ ತಡೆಯುತ್ತದೆ. ಬೆಳೆಯಲು ಸೂಚನೆ ಬಂದಾಗ ಸೈಕ್ಲಿನ್ ಡಿ ಜೊತೆಗೂಡಿದ ಸಿಡಿಕೆ4, ಸಿಡಿಕೆ6 ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ. ಹಿಡಿತ ಸಡಿಲವಾಗಿ ಕೋಶ ಮುಂದಕ್ಕೆ ಹೋಗುತ್ತದೆ.

ಆದರೆ ಇಲಿಗಳಲ್ಲಿ ಬೇರೆಯದೇ ಕಂಡಿತು: 1992ರಲ್ಲಿ ಈ ಜೀನಿನ ಒಂದು ಪ್ರತಿ ಕೆಡಿಸಿದ ಇಲಿಗಳಿಗೆ ಕಣ್ಣಿನ ಬದಲು ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಯಿತು. ಇಲಿಯ ಕಣ್ಣಲ್ಲಿ ಆರ್‌ಬಿಯ ದಾಯಾದಿ ಪ್ರೋಟೀನೊಂದು ಆ ಕೆಲಸವನ್ನು ಹೊತ್ತುಕೊಳ್ಳುತ್ತದಂತೆ.

ಈ ತಿಳಿವಿನಿಂದ ಮೂಲ ರೋಗದ ಮಕ್ಕಳಿಗಿಂತ ದೊಡ್ಡ ಲಾಭವಾದದ್ದು ಬೇರೆಯವರಿಗೆ. ಸಿಡಿಕೆ4, ಸಿಡಿಕೆ6ಗಳನ್ನು ತಡೆಯುವ ಪಾಲ್ಬೊಸಿಕ್ಲಿಬ್‌ಗೆ ಒಂದು ಬಗೆಯ ಸ್ತನ ಕ್ಯಾನ್ಸರಿಗಾಗಿ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಮಾತ್ರೆ ಆರ್‌ಬಿಯನ್ನು ಕೆಲಸದಲ್ಲಿ ಉಳಿಸಿ ಕೋಶವನ್ನು ನಿಲ್ಲಿಸುತ್ತದೆ. ಆರ್‌ಬಿಯೇ ಇಲ್ಲದ ಗಡ್ಡೆಯಲ್ಲಿ ನಿಲ್ಲಿಸಲು ಏನೂ ಇರುವುದಿಲ್ಲ. ಹಾಗಾಗಿ ಈ ವಿದ್ಯೆಗೆಲ್ಲ ಮೂಲವಾದ ಕಣ್ಣಿನ ರೋಗಕ್ಕೆ ಈ ಮದ್ದು ಒದಗಲಿಲ್ಲ.

ಆ ಮಕ್ಕಳಿಗೆ ದಕ್ಕಿದ್ದು ಪರೀಕ್ಷೆ. ಸೂಜಿ ಚುಚ್ಚಿದರೆ ರೋಗ ಹರಡೀತೆಂಬ ಭಯದಿಂದ ಈ ಗಡ್ಡೆಯ ತುಣುಕು ತೆಗೆದು ನೋಡುವ ರೂಢಿಯೇ ಇಲ್ಲ. ಕಣ್ಣಿನ ಮುಂಭಾಗದ ದ್ರವದಲ್ಲಿ ಗಡ್ಡೆಯ ಡಿಎನ್‌ಎ ಸಿಗುತ್ತದೆಂದು 2017ರಲ್ಲಿ ವರದಿಯಾದ ಮೇಲೆ ಗಡ್ಡೆಯನ್ನು ಮುಟ್ಟದೆ ಪರೀಕ್ಷಿಸುವ ದಾರಿಯೂ ತೆರೆದಿದೆ. ಇನ್ನು ರೋಗಿಯ ರಕ್ತದಲ್ಲಿ ದೋಷ ಯಾವುದೆಂದು ಪತ್ತೆಯಾದರೆ ಒಡಹುಟ್ಟಿದವರಲ್ಲೂ ಅದನ್ನು ಹುಡುಕಬಹುದು. ಅದನ್ನು ಪಡೆಯದ ತಮ್ಮನೋ ತಂಗಿಯೋ ವರ್ಷಗಟ್ಟಲೆ ಅರಿವಳಿಕೆ ತೆಗೆದುಕೊಂಡು ಕಣ್ಣು ತೋರಿಸಿಕೊಳ್ಳಬೇಕಾಗಿಲ್ಲ.