ತಂತಿಯಾಗ ಹೋದ ಹೂವು

ನಮ್ಮ ಕಡೆ ಯಾರರ ತೀರಿಕೊಂಡ್ರ ಹೂವಿನ ಹಾರ ಕೈಯಾಗ ಹಿಡಕೊಂಡು ಹೋಗ್ತೇವಿ. ಹೋಗಲಿಕ್ಕೆ ಆಗದಿದ್ರ ಹೂವೂ ಇಲ್ಲ, ಒಂದು ಫೋನ್ ಅಷ್ಟ. ಅಮೆರಿಕಾದಾಗ ಹಂಗಿಲ್ಲ ನೋಡ್ರಿ, ಮನಷ್ಯಾ ಹೋಗದಿದ್ರೂ ಹೂವು ಹೋಗ್ತದ. ಚಿಕಾಗೋದಾಗಿರೋ ಅಕ್ಕನ ಮಗಳು ಮಿಸಿಸಿಪ್ಪಿ ರಾಜ್ಯದ ಕೊಲಂಬಸ್ ಅನ್ನೋ ಸಣ್ಣ ಊರಿಗೆ ಹೂವು ಕಳಸಬೇಕಾಗಿತ್ತು. ಅಕಿ ಜೋಡಿ ಕೆಲಸ ಮಾಡೋ ಹೆಣ್ಮಗಳ ತಾಯಿ ತೀರಿಕೊಂಡಿದ್ರು. ‘ಅಷ್ಟು ದೂರ ಹೋಗೂದ್ರಾಗ ಬಾಡೂದಿಲ್ಲೇನವಾ?’ ಅಂದೆ. ‘ಹೂವು ಎಲ್ಲಿ ಹೋಗ್ತದ ಮಾಂಶಿ, ಹೇಳಿಕಿ ಅಷ್ಟ ಹೋಗ್ತದ’ ಅಂದ್ಲು.

ಈ ಪದ್ಧತಿಗೆ ನೂರು ವರ್ಷದ ಮ್ಯಾಲಾತು. 1910ರಾಗ ಅಮೆರಿಕಾದ ಕೆಲವು ಹೂವಿನ ಅಂಗಡಿಯವರು ಕೂಡಿ ಒಂದು ಸಂಘ ಕಟ್ಟಿದ್ರು. ಒಂದೂರಿನ ಗಿರಾಕಿ ರೊಕ್ಕ ಕೊಟ್ಟ ಕೂಡ್ಲೆ, ಅಂಗಡಿಯವ ಇನ್ನೊಂದೂರಿನ ಅಂಗಡಿಗೆ ತಂತಿ ಹೊಡೀಬೇಕು. ಅಲ್ಲಿಯವ ತನ್ನ ಹತ್ರ ಇದ್ದ ತಾಜಾ ಹೂವು ಕಟ್ಟಿ ಮನಿಗೆ ಮುಟ್ಟಿಸಬೇಕು. ಸಂಘದ ಹೆಸರೂ ಹಂಗ ಇತ್ತು, ‘ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ’. ಗುರುತಿಗೆ ರೋಮನ್ನರ ದೇವರ ದೂತ, ಕಾಲಿಗೆ ರೆಕ್ಕಿ ಇದ್ದ ಮರ್ಕ್ಯುರಿ. ದೇವರೂ ಓಡಲಿಕ್ಕೆ ಹತ್ತಿದ, ಹೂವು ಮಾತ್ರ ಇದ್ದಲ್ಲೇ ಇತ್ತು!

ಆದ್ರ ಕಟ್ಟಾವ್ರು ಒಬ್ರು, ರೊಕ್ಕ ಇಸ್ಕೊಳ್ಳಾವ್ರು ಒಬ್ರು ಅಂದ್ರ ಪಾಲು ಹೋಗೂದ. ಈಗಂತೂ ವೆಬ್‌ಸೈಟಿನವರು ನಡುವ ನಿಂತು ತಮ್ಮ ಪಾಲು ತೊಗೊಂಡು, ಉಳಿದದ್ದರಾಗ ಕಟ್ಟು ಅಂತಾರ. ಅದಕ್ಕ ಆ ಊರಿನ ಹೂಗಾರಗ ನೇರ ಫೋನ್ ಹಚ್ಚೂದು ಛಲೋ ಅಂತ ನನ್ನ ಮತ. ಹೂವು ಆ ಊರಿಂದ ಅಂತ ಅಲ್ಲ ಮತ್ತ. ಅಮೆರಿಕಾದಾಗ ಮಾರೋ ಗುಲಾಬಿ ಬಹಳಷ್ಟು ಕೊಲಂಬಿಯಾ, ಈಕ್ವೆಡಾರ್‌ದಿಂದ ವಿಮಾನದಾಗ ಮಯಾಮಿಗೆ ಇಳೀತಾವ. ಊರಿಂದು ಅಂದ್ರ ಕಟ್ಟೋ ಕೈ, ಮತ್ತ ತಿಳುವಳಿಕಿ: ದರ್ಶನಕ್ಕ ಮಂದಿ ಎಷ್ಟು ಗಂಟೆಗೆ ಬರ್ತಾರ, ಹೂವು ಅದಕ್ಕೂ ಮೊದಲ ಮುಟ್ಟಬೇಕಲ್ಲ, ಮಣ್ಣು ಯಾವ ಸ್ಮಶಾನದಾಗ.

ಯಾವ ಸ್ಮಶಾನ ಅನ್ನೋ ಮಾತು ಕೊಲಂಬಸ್‌ದಂಥ ಊರಾಗ ಸಣ್ಣದಲ್ಲ. ಟಾಂಬಿಗ್ಬಿ ಹೊಳಿ ದಂಡಿ ಮ್ಯಾಲಿನ ಊರದು. ಹತ್ತಿಯ ರೊಕ್ಕದಾಗ, ಗುಲಾಮರ ದುಡಿಮ್ಯಾಗ ಎದ್ದ ದೊಡ್ಡ ದೊಡ್ಡ ಕಂಬದ ಮನಿಗಳು ಇನ್ನೂ ಅದಾವ. ಅಂತರ್ಯುದ್ಧದಾಗ, 1862ರ ಶೈಲೋ ಕಾಳಗದಾಗ ಗಾಯ ಆದವರನ್ನ ಇಲ್ಲಿಯ ಆಸ್ಪತ್ರಿಗಳಿಗೆ ತಂದ್ರು. ಸತ್ತವರನ್ನ ಫ್ರೆಂಡ್‌ಶಿಪ್ ಸ್ಮಶಾನದಾಗ ಹುಗದ್ರು, ದಕ್ಷಿಣದವರನ್ನೂ ಉತ್ತರದವರನ್ನೂ. 1866ರ ಏಪ್ರಿಲ್ 25ಕ್ಕ ಊರಿನ ಹೆಣ್ಮಕ್ಕಳು ಹೂವು ತೊಗೊಂಡು ಬಂದ್ರು. ತಮ್ಮವರ ಗೋರಿಗೆ ಏರಿಸಿದ್ರು. ವೈರಿ ಸಿಪಾಯಿಗಳ ಗೋರಿಗೂ ಏರಿಸಿದ್ರು. ಸುದ್ದಿ ಪೇಪರಿನಾಗ ಬಂದು, ಉತ್ತರದ ಫ್ರಾನ್ಸಿಸ್ ಮೈಲ್ಸ್ ಫಿಂಚ್ ಅನ್ನೋರು ಅದನ್ನೋದಿ 1867ರಾಗ ಒಂದು ಕವಿತಾ ಬರದ್ರು. ‘ಸ್ಮಾರಕ ದಿನ ಹುಟ್ಟಿದ್ದು ನಮ್ಮಲ್ಲೇ’ ಅಂತ ಊರಿನವರು ಹೇಳ್ಕೋತಾರ. ಹಂಗ ಹೇಳೋ ಊರು ಮತ್ತೂ ಭಾಳ ಅದಾವ.

ಅದಕ್ಕೂ ಒಂದು ವರ್ಷ ಮೊದಲ, 1865ರ ಮೇ 1ಕ್ಕ, ಚಾರ್ಲ್ಸ್‌ಟನ್ ಪಟ್ಟಣದಾಗ ಆಗಷ್ಟ ಬಿಡುಗಡಿ ಆದ ಕರಿಯ ಜನ ಕುದುರಿ ರೇಸಿನ ಮೈದಾನಕ್ಕ ಮೆರವಣಿಗಿ ಹೋಗಿದ್ರು. ಅಲ್ಲಿ ಸೆರೆಯಾಗ ಸತ್ತಿದ್ದ ಉತ್ತರದ ಸಿಪಾಯಿಗಳ ಗೋರಿಗೆ ರಾಶಿ ಹೂವು ಹಾಕಿ ಬಂದ್ರು. ಆ ಹೂವಿನ ಸುದ್ದಿ ಎಷ್ಟೋ ದಶಕ ಮಂದಿ ಮರತ ಬಿಟ್ಟಿದ್ರು. ಕೊಲಂಬಸ್ ಹೆಣ್ಮಕ್ಕಳು ದೊಡ್ಡ ಮನಸಿನವರು, ಖರೇ. ಆದ್ರ ಆ ಕಂಬದ ಮನಿ ಕಟ್ಟಿದವರ ಗೋರಿ ಮ್ಯಾಲೆ ಹೂವು ಯಾರು ಇಟ್ರು ಅಂತ ಫಿಂಚ್ ಕೇಳಲಿಲ್ಲ.

ಆ ಊರಾಗ ಸ್ಯಾಂಡ್‌ಫೀಲ್ಡ್ ಅನ್ನೋ ಇನ್ನೊಂದು ಸ್ಮಶಾನ ಅದ, ಕರಿಯರದು. 1865ರ ಮೇ 8ಕ್ಕ ಉತ್ತರದ ಪಡಿ ಊರೊಳಗ ಬಂದಾಗ ಬಿಡುಗಡಿ ಸುದ್ದಿ ಬಂತಂತ, ಅವರ ಪಾಲಿಗೆ ಹಬ್ಬ ಅವತ್ತ. ಅಕ್ಕನ ಮಗಳು ಹೂವು ಕಳಿಸಿದ್ದು ಸ್ಯಾಂಡ್‌ಫೀಲ್ಡಿಗೆ.