ಕೆನರಾ ಮಿಷನ್
ಕೆನರಾ ಮಿಷನ್: ಕರ್ನಾಟಕದ ಕರಾವಳಿಯ ಊರುಗಳಲ್ಲಿ ಚರ್ಚುಗಳನ್ನು ಸ್ಥಾಪಿಸಿ ನಡೆಸಿದ ರೋಮನ್ ಕ್ಯಾಥೊಲಿಕ್ ಧರ್ಮಸೇವಾ ವ್ಯವಸ್ಥೆ. ಇದರ ಮೂಲ 16ನೆಯ ಶತಮಾನದ ಪೋರ್ಚುಗೀಸ್ ಕಾಲದ್ದು. ಗೋವೆಯಿಂದ ವಲಸೆ ಬಂದ ಕೊಂಕಣಿ ಮಾತನಾಡುವ ಕ್ರೈಸ್ತರು ಇಲ್ಲಿನ ಸಭೆಯ ಬಹುಭಾಗವಾಗಿದ್ದರು. 17ನೆಯ ಶತಮಾನದಲ್ಲಿ ಪೋರ್ಚುಗಲ್ ದೊರೆಯ ಧಾರ್ಮಿಕ ಪೋಷಣಾಧಿಕಾರಕ್ಕೂ ರೋಮಿನ ಧರ್ಮಪ್ರಚಾರ ಸಂಸ್ಥೆಗೂ ನಡುವೆ ಅಧಿಕಾರವ್ಯಾಪ್ತಿಯ ವಿವಾದ ಎದ್ದಿತು. ಆ ವೇಳೆಗೆ, 1681ರಲ್ಲಿ, ಗೋವೆಯ ಬೆನಾವ್ಲಿಯ ಪಾದ್ರಿ ಜೋಸೆಫ್ ವಾಜ್ (1651-1711) ಮಿಷನ್ನಿನ ಮುಖ್ಯಸ್ಥರಾಗಿ ಬಂದು 1684ರವರೆಗೆ ದುಡಿದರು. ಚದುರಿದ್ದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸುವುದು, ಹೊಸ ಚರ್ಚು ಹಾಗೂ ಶಾಲೆಗಳ ಸ್ಥಾಪನೆ, ಬಡವರ ಆರೈಕೆ ಅವರ ಮುಖ್ಯ ಕಾರ್ಯಗಳು. ಮುಂದೆ ಶ್ರೀಲಂಕೆಯಲ್ಲಿ ಸೇವೆ ಸಲ್ಲಿಸಿ ಕ್ಯಾಂಡಿಯಲ್ಲಿ ನಿಧನರಾದ ಅವರನ್ನು ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಹಲವು ಚರ್ಚುಗಳು ನಾಶವಾದವು. 1799ರ ಬಳಿಕ ಸಭೆಗಳು ಮರಳಿ ನೆಲೆಗೊಂಡವು. ಕಿನ್ನರ, ಅಂಕೋಲಾ ಸೇರಿದ ಉತ್ತರ ಕನ್ನಡ ಜಿಲ್ಲೆಗೆ 1976ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯದಿಂದ ಬೇರ್ಪಡಿಸಿದ ಕಾರವಾರ ಧರ್ಮಪ್ರಾಂತ್ಯ ರಚನೆಯಾಯಿತು. ಹಳಿಯಾಳ ಭಾಗದ ಕಾಡಂಚಿನ ಹಳ್ಳಿಗಳ ಕ್ರೈಸ್ತ ಸಿದ್ದಿಗಳೂ ಇದರ ವ್ಯಾಪ್ತಿಯಲ್ಲಿದ್ದಾರೆ.