ಔರಾದ್, ಭಾಲ್ಕಿಯಲ್ಲಿ ಮೀಡಿಯಂ ವೇವ್ ರೇಡಿಯೋ: ಹಗಲಲ್ಲಿ ಏನು ಬರುತ್ತೆ, ರಾತ್ರಿ ಏನು ಬರುತ್ತೆ, ಈಗ ಯಾಕೆ ಕಮ್ಮಿ ಆಗಿದೆ?

ಬೀದರ್: ಅಂಗಡಿಯ ಕಪಾಟಿನ ಮ್ಯಾಲೆ ಹಳೇ ರೇಡಿಯೋ ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಕೇಳಿದರೆ ಹೇಳೋದು ಒಂದೇ ಮಾತು: "ಮೊದಲು ಸಾಫ್ ಬರ್ತಿತ್ತು, ಈಗ ಬರೀ ಖರಖರ." ರಿಪೇರಿಗೆ ಕೊಡುವ ಮೊದಲು ಇದನ್ನ ಓದ್ರಿ. ಬಹಳ ಸಲ ಕೆಟ್ಟಿರೋದು ಸೆಟ್ ಅಲ್ಲ.

ನಮಗೆ ಬರುವ ಸ್ಟೇಷನ್‌ಗಳು

ಬೀದರ್ ಮೊದಲು ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿ 1935ರಲ್ಲಿ ಡೆಕ್ಕನ್ ರೇಡಿಯೋ ಶುರುವಾಯಿತು, 1950ರಲ್ಲಿ ಅದು ಆಕಾಶವಾಣಿಗೆ ಸೇರಿತು. ನಮ್ಮ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು, ಆದರೆ ಕಲಬುರಗಿ ಆಕಾಶವಾಣಿ ಆದದ್ದು 1966ರಲ್ಲಿ. ಅಲ್ಲೀತನಕ ಕನ್ನಡ ಬೇಕಂದ್ರೆ ದೂರದ ಧಾರವಾಡ, ಬೆಂಗಳೂರು ಹಿಡಿಯಬೇಕಿತ್ತು.

ಕೇಳುಗರು ವರ್ಷಗಟ್ಟಲೆ ಮುಳ್ಳು ನಿಲ್ಲಿಸುತ್ತ ಬಂದ ನಂಬರ್‌ಗಳು ಇವು (ಕಿಲೋಹರ್ಟ್ಜ್):

ಕಲಬುರಗಿ – 1107
ಹೈದರಾಬಾದ್ – 738
ಪರಭಣಿ – 1305
ಧಾರವಾಡ – 765
ಬೆಂಗಳೂರು – 612

ನೇರ ಗೆರೆ ಎಳೆದು ಅಳೆದರೆ ಔರಾದ್‌ನಿಂದ ಕಲಬುರಗಿ ಸುಮಾರು 120 ಕಿ.ಮೀ., ಪರಭಣಿ 135, ಹೈದರಾಬಾದ್ 150. ಕನ್ನಡ, ಮರಾಠಿ, ತೆಲುಗು ಮೂರೂ ಹತ್ತಿರಹತ್ತಿರ ಅಷ್ಟೇ ದೂರ. ಆದರೆ ಕಲಬುರಗಿ, ಪರಭಣಿ ಟ್ರಾನ್ಸ್‌ಮಿಟರ್ 20 ಕಿಲೋವ್ಯಾಟ್ ಲೆಕ್ಕದವು, ಹೈದರಾಬಾದ್ 200. ಅದಕ್ಕೇ ದೂರ ಹೆಚ್ಚಿದ್ದರೂ ಹೈದರಾಬಾದ್ ಜೋರಾಗಿ ಕೇಳಿಸುತ್ತೆ. ಭಾಲ್ಕಿಯಿಂದ ಕಲಬುರಗಿ ಸುಮಾರು 90 ಕಿ.ಮೀ., ಹಾಗಾಗಿ ಅಲ್ಲಿ ಔರಾದ್‌ಗಿಂತ ಪರವಾಗಿಲ್ಲ.

ಹಗಲು, ರಾತ್ರಿ ಯಾಕೆ ಫರಕು?

ಹಗಲಲ್ಲಿ ಮೀಡಿಯಂ ವೇವ್ ಅಲೆ ನೆಲ ಹಿಡಿದು ಬರುತ್ತೆ. ಹಸಿ ಇರುವ ಎರೆ ಭೂಮಿ ಮ್ಯಾಲೆ ಚೆನ್ನಾಗಿ ಸಾಗುತ್ತೆ, ಒಣ ಕಲ್ಲು ನೆಲದಲ್ಲಿ ಬೇಗ ಸೊರಗುತ್ತೆ. ಮ್ಯಾಲಕ್ಕೆ ಹೋದ ಅಲೆಯನ್ನು ಬಿಸಿಲಿದ್ದಾಗ ಆಕಾಶದ ಕೆಳಪದರ ನುಂಗಿಬಿಡುತ್ತೆ. ಹೊತ್ತು ಮುಳುಗಿದ ಮ್ಯಾಲೆ ಆ ಪದರ ಕರಗಿ, ಇನ್ನೂ ಮೇಲಿನ ಪದರದಿಂದ ಅಲೆ ವಾಪಸ್ ನೆಲಕ್ಕೆ ಬೀಳುತ್ತೆ. ಹಗಲಲ್ಲಿ ಸಿಗದ ಧಾರವಾಡ, ಬೆಂಗಳೂರು ರಾತ್ರಿ ಸಿಗೋದು ಇದಕ್ಕೇ. ದನಿ ಏರಿ ಇಳಿಯೋದು, ಎರಡು ಸ್ಟೇಷನ್ ಒಂದರ ಮ್ಯಾಲೆ ಒಂದು ಬರೋದು ಸಹಜ. ಅದು ಸೆಟ್‌ನ ದೋಷ ಅಲ್ಲ.

ಈಗ ಯಾಕೆ ಕಮ್ಮಿ?

ಒಂದು, ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಮೀಡಿಯಂ ವೇವ್‌ನಲ್ಲಿ ಖರಖರ ಹಬ್ಬಿಸುತ್ತವೆ. ಕರೆಂಟ್ ಹೋದಾಗ ರೇಡಿಯೋ ಸಾಫ್ ಆಗೋದನ್ನ ನೀವೇ ನೋಡಿರ್ತೀರಿ.

ಎರಡು, ಸ್ಟೇಷನ್‌ಗಳೇ ಬಂದ್ ಆಗಿವೆ. ನಾಗಪುರದಿಂದ 1566ರಲ್ಲಿ 1000 ಕಿಲೋವ್ಯಾಟ್ ಜೋರಿನಲ್ಲಿ ರಾತ್ರಿಯಿಡೀ ಬರುತ್ತಿದ್ದ ರಾಷ್ಟ್ರೀಯ ಚಾನೆಲ್ 1988ರಲ್ಲಿ ಶುರುವಾಗಿತ್ತು. ಅದನ್ನ ಮುಚ್ಚುವ ಆದೇಶ 2018ರ ಡಿಸೆಂಬರ್‌ನಲ್ಲಿ ಬಂತು. ಶಾರ್ಟ್ ವೇವ್‌ನ ಬಿಬಿಸಿ ಹಿಂದಿ 2020ರ ಜನವರಿ 31ಕ್ಕೆ ನಿಂತಿತು. ಆಕಾಶವಾಣಿ ಹಳೇ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನ ಒಂದೊಂದಾಗಿ ನಿಲ್ಲಿಸಿ ಎಫ್‌ಎಂ ಕಡೆ ಹೋಗ್ತಿದೆ.

ಮೂರು, ಕೆಲವು ದೊಡ್ಡ ಕೇಂದ್ರಗಳು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯಲ್ಲೂ ಪ್ರಸಾರ ಮಾಡುತ್ತವೆ. ಹಳೇ ಸೆಟ್‌ನಲ್ಲಿ ಅದು ಬರೀ ಸುಯ್ ಅನ್ನುತ್ತೆ.

ಎಫ್‌ಎಂ ಇದೆಯಲ್ಲ?

2023ರ ಏಪ್ರಿಲ್ 28ರಂದು ದೇಶದಲ್ಲಿ 100 ವ್ಯಾಟ್‌ನ 91 ಎಫ್‌ಎಂ ಟ್ರಾನ್ಸ್‌ಮಿಟರ್ ಒಮ್ಮೆಲೇ ಶುರುವಾದವು. ಆದರೆ 100 ವ್ಯಾಟ್ ಅಂದ್ರೆ ಒಂದು ಪಟ್ಟಣ, ಸುತ್ತಲಿನ ಹಳ್ಳಿ, ಅಷ್ಟೇ. ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರ ಹೋಗುತ್ತೆ, ನಡುವೆ ಏರು ಬಂದರೆ ತಡೆಯುತ್ತೆ. ಬೀದರ್ ಪಟ್ಟಣ ದಿಬ್ಬದ ಮ್ಯಾಲಿದೆ, ಮಾಂಜ್ರಾ ಕಡೆಯ ಹಳ್ಳಿಗಳು ತಗ್ಗಿನಲ್ಲಿವೆ. ಪಟ್ಟಣದಲ್ಲಿ ಚೆನ್ನಾಗಿ ಬಂದದ್ದು ಗಡಿಯ ಹಳ್ಳಿಗೂ ಬರುತ್ತೆ ಅಂತ ಹೇಳೋಕಾಗಲ್ಲ. ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಸಿಗುತ್ತೆ, ಆದರೆ ಅದಕ್ಕೆ ನೆಟ್‌ವರ್ಕ್ ಬೇಕು.

ಚೆನ್ನಾಗಿ ಹಿಡಿಯೋದು ಹೇಗೆ?

* ಹೊರಗಿನ ಕಡ್ಡಿ ಎಳೆದರೆ ಮೀಡಿಯಂ ವೇವ್‌ಗೆ ಉಪಯೋಗವಿಲ್ಲ. ಅದರ ಏರಿಯಲ್ ಸೆಟ್ ಒಳಗೇ ಅಡ್ಡ ಮಲಗಿರುತ್ತೆ. ಸೆಟ್ಟನ್ನೇ ನಿಧಾನ ತಿರುಗಿಸಿ, ದನಿ ಸಾಫ್ ಆದಲ್ಲಿ ನಿಲ್ಲಿಸ್ರಿ.
* ಬೀದರ್‌ನಿಂದ ಕಲಬುರಗಿ ನೈರುತ್ಯಕ್ಕೆ, ಹೈದರಾಬಾದ್ ಆಗ್ನೇಯಕ್ಕೆ. ಸೆಟ್‌ನ ಮುಖ ಅಥವಾ ಬೆನ್ನು ಆ ದಿಕ್ಕಿಗಿರಲಿ.
* ಪ್ಲಗ್ ತೆಗೆದು ಸೆಲ್ ಮ್ಯಾಲೆ ನಡೆಸಿ. ಬಲ್ಬು, ಚಾರ್ಜರ್ ಒಂದೊಂದೇ ಆಫ್ ಮಾಡಿ ನೋಡಿದರೆ ಗದ್ದಲ ಎಲ್ಲಿಂದ ಅಂತ ಗೊತ್ತಾಗುತ್ತೆ.
* ತಗಡಿನ ಶೆಡ್ ಒಳಗೆ ಇಡಬೇಡಿ. ಕಿಟಕಿ ಹತ್ತಿರ ಅಥವಾ ಕಟ್ಟೆ ಮ್ಯಾಲೆ ಇಡಿ.

ನಮ್ಮ ಮುತ್ಯಾನ ಸೆಟ್ ಈಗ ನನ್ನ ಹತ್ತಿರ ಇದೆ. ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಯ್ತು, ಸ್ವಲ್ಪ ಹೊತ್ತಿಗೆ ಮೊಬೈಲ್ ನೆಟ್‌ವರ್ಕೂ ಹೋಯ್ತು. ಎರಡು ಸೆಲ್ ಹಾಕಿ 1107ಕ್ಕೆ ತಿರುಗಿಸಿದೆ, ಕನ್ನಡ ಬಂತು. ಗಡಿ ತಾಲೂಕಿನಲ್ಲಿ ಹೊಳೆ ಏರಿದ ರಾತ್ರಿ ಇದಕ್ಕಿಂತ ಅಗ್ಗದ ಸಾಧನ ಬೇರೆ ಇಲ್ಲ. ನಿಮ್ಮ ಕಡೆ ಯಾವ ಸ್ಟೇಷನ್ ಸರಿಯಾಗಿ ಬರ್ತಿಲ್ಲವೋ ಅದರ ದಿನ, ಟೈಮ್, ಊರು ಬರೆದು ಕಲಬುರಗಿ ಆಕಾಶವಾಣಿಗೆ ಒಂದು ಕಾರ್ಡ್ ಹಾಕ್ರಿ. ಕೇಳುವವರು ಇದ್ದಾರೆ ಅಂತ ಅವರಿಗೆ ಗೊತ್ತಾಗೋದು ಹಂಗೇ.